ಕೇಸ್ ಶೀಟಿನಲ್ಲಿ ಬರೆಯದೆ ಉಳಿದ ಸಾಲು



ಈ ದತ್ತಿ ಉಪನ್ಯಾಸಕ್ಕೆ ವೈದ್ಯರೂ ವಕೀಲರೂ ಒಟ್ಟಿಗೆ ಕೂತು ಕೇಳುವಂಥ ವಿಷಯ ಇರಲಿ ಎಂದು ಸಂಘಟಕರು ಸೂಚಿಸಿದ್ದರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಸೇರುವುದು ಹೆಚ್ಚಾಗಿ ಕಟಕಟೆಯ ಆಚೀಚೆ. ಆದ್ದರಿಂದ ಕಟಕಟೆಯ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಹೆರಿಗೆಯ ಹೊತ್ತಿನಲ್ಲೋ ಹುಟ್ಟಿದ ಕೆಲವೇ ವಾರಗಳಲ್ಲೋ ಮಗುವಿಗೆ ಹಾನಿಯಾಗುತ್ತದೆ. ಅದಕ್ಕೆ ವೈದ್ಯರ ನಿರ್ಲಕ್ಷ್ಯ ಕಾರಣವೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಆಗ ಯಾವುದನ್ನು ಸಾಕ್ಷ್ಯ ಎನ್ನಬೇಕು, ಅದು ಎಷ್ಟು ತೂಗುತ್ತದೆ, ಯಾರ ಕೈಯಲ್ಲಿರುತ್ತದೆ? ಇಂದಿನ ಮಾತು ಇಷ್ಟರ ಬಗ್ಗೆ.

1

ಮೂವತ್ತು ವರ್ಷಗಳ ನನ್ನ ವಕೀಲಿಯಲ್ಲಿ ಇಂಥ ತಂದೆತಾಯಿ ಕಚೇರಿಗೆ ಬರುವ ರೀತಿ ಬದಲಾಗಿಲ್ಲ. ತಾಯಿಯ ಹೆಗಲ ಮೇಲೆ ಕತ್ತು ನಿಲ್ಲದ ಮಗು. ತಂದೆಯ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ತಾಯಿ ಕಾರ್ಡು, ಎರಡು ಮೂರು ಸ್ಕ್ಯಾನಿಂಗ್ ರಿಪೋರ್ಟು, ಮೆಡಿಕಲ್ ಶಾಪಿನ ಬಿಲ್ಲುಗಳ ಕಂತೆ, ಮಡಿಕೆ ಬಿದ್ದಲ್ಲಿ ಹರಿಯುತ್ತ ಬಂದ ಡಿಸ್ಚಾರ್ಜ್ ಕಾರ್ಡು. ಕೂತ ಮೇಲೆ ಮೊದಲು ಬರುವ ಮಾತೂ ಹೆಚ್ಚುಕಡಿಮೆ ಒಂದೇ: “ಸಾರ್, ಮಗು ಹುಟ್ಟಿದ ಕೂಡಲೇ ಅಳಲಿಲ್ಲ.”

ಅವರ ಪಾಲಿಗೆ ಇಡೀ ಪ್ರಕರಣ ಆ ಒಂದು ವಾಕ್ಯದಲ್ಲಿ ಮುಗಿದಿರುತ್ತದೆ. ನನಗೆ ಅಲ್ಲಿಂದ ಶುರು. ಎಷ್ಟು ಹೊತ್ತು ಅಳಲಿಲ್ಲ? ಯಾರು ನೋಡಿದರು? ಎಲ್ಲಿ ಬರೆದಿದ್ದಾರೆ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮೊದಲೆರಡರ ಉತ್ತರ ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ದೊಡ್ಡವರಿಗೆ ಆದ ಹಾನಿಯಲ್ಲಿ ರೋಗಿ ತಾನೇ ಬಂದು ಸಾಕ್ಷಿ ಹೇಳಬಲ್ಲ. ಇಲ್ಲಿ ಕಕ್ಷಿದಾರನಿಗೆ ಮಾತಿಲ್ಲ. ತಾಯಿ ನೋವಿನಲ್ಲಿದ್ದಳು, ಇಲ್ಲವೆ ಅರಿವಳಿಕೆಯಲ್ಲಿದ್ದಳು. ತಂದೆ ಲೇಬರ್ ವಾರ್ಡಿನ ಬಾಗಿಲ ಹೊರಗಿದ್ದ. ಒಳಗೆ ನಡೆದದ್ದನ್ನು ಬಲ್ಲವರೆಲ್ಲ ಎದುರುದಾರರ ಕಡೆಯವರು. ಹೀಗೆ ಒಬ್ಬನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕೆಂದು ಹಳೆಯ ಸಾಕ್ಷ್ಯ ಕಾಯಿದೆಯ 106ನೇ ಕಲಂ ಹೇಳುತ್ತಿತ್ತು. ಕೈಯಲ್ಲಿರುವ ದಾಖಲೆಯನ್ನು ಹಾಜರುಪಡಿಸದವನ ವಿರುದ್ಧ ಊಹಿಸಿಕೊಳ್ಳಲು 114ನೇ ಕಲಂ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇವೇ ತತ್ವಗಳು 109 ಮತ್ತು 119ನೇ ಕಲಮುಗಳಾಗಿ ಕೂತಿವೆ. ಗ್ರಾಹಕರ ಆಯೋಗಗಳಿಗೆ ಆ ಅಧಿನಿಯಮ ಅಕ್ಷರಶಃ ಅನ್ವಯಿಸುವುದಿಲ್ಲ, ಆದರೆ ಅಲ್ಲಿಯೂ ತೂಗುವ ತಕ್ಕಡಿ ಇದೇ.

ಆದರೆ ಹೊಣೆ ದಾಟಿಸುವ ಮೊದಲು ದೂರುದಾರ ಏನನ್ನಾದರೂ ತೋರಿಸಲೇಬೇಕು. ಅವನ ಬಳಿ ಇರುವುದು ಆ ಪ್ಲಾಸ್ಟಿಕ್ ಕವರು.

2

ಕಾಗದದ ಮೇಲಿನ ಒಂದೇ ಪದ ಎಷ್ಟು ದೂರ ಓಡಿಸಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ವೈಟ್‌ಹೌಸ್ ವಿರುದ್ಧ ಜೋರ್ಡನ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. 1970ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯರು ಮಗುವಿನ ತಲೆಗೆ ಫೋರ್ಸೆಪ್ಸ್ ಹಾಕಿ ಐದಾರು ಸಲ ಎಳೆದು ನೋಡಿದರು. ಬಾರದಿದ್ದಾಗ ಕೈಬಿಟ್ಟು ಸಿಸೇರಿಯನ್ ಮಾಡಿದರು. ಮಗು ಮಿದುಳಿನ ಹಾನಿಯೊಂದಿಗೆ ಹುಟ್ಟಿತು. ಇಕ್ಕಳವನ್ನು ಅತಿಯಾಗಿ, ಅತಿ ಹೊತ್ತು ಎಳೆದರು ಎಂಬುದು ಆರೋಪ.

ತಾಯಿ ಕೊಟ್ಟ ಸಾಕ್ಷಿಯ ತಿರುಳು, ಎಳೆದ ರಭಸಕ್ಕೆ ತನ್ನ ಮೈ ಹಾಸಿಗೆಯಿಂದ ಮೇಲೆದ್ದಿತು ಎಂಬುದು. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕೇ? ನೋವಿನಲ್ಲಿರುವ ಹೆಂಗಸು ತನಗೆ ಅನಿಸಿದ್ದನ್ನು ಹೇಳಿದ್ದು ಎಂದು ತಿಳಿಯಬೇಕೇ? ಇದು ಮೊದಲ ಜಗಳ. ಎರಡನೆಯದು ಆಸ್ಪತ್ರೆಯ ಹಿರಿಯ ಪ್ರಾಧ್ಯಾಪಕರ ವರದಿಯದು. ಶಸ್ತ್ರಕ್ರಿಯೆಗೆ ಮುಂಚೆ ತಲೆಯನ್ನು ‘ಬಿಡಿಸಿಕೊಳ್ಳಲಾಯಿತು’ ಎಂಬ ಅರ್ಥದ ಪದವೊಂದು ಅದರಲ್ಲಿತ್ತು. ಬಿಡಿಸಿಕೊಳ್ಳಬೇಕಾಗಿ ಬಂದಿದ್ದರೆ ತಲೆ ಸಿಕ್ಕಿಕೊಂಡಿತ್ತು, ಸಿಕ್ಕಿಕೊಂಡಿದ್ದರೆ ಅತಿಯಾಗಿ ಎಳೆದಿರಲೇಬೇಕು: ವಿಚಾರಣೆ ನಡೆಸಿದ ನ್ಯಾಯಾಧೀಶರು ಹೀಗೆ ಸರಪಣಿ ಹೆಣೆದು ಮಗುವಿನ ಪರ ತೀರ್ಪು ಕೊಟ್ಟರು. ಮೇಲ್ಮನವಿ ನ್ಯಾಯಾಲಯ ಅದನ್ನು ಮುರಿಯಿತು. 1980ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಮುರಿದದ್ದನ್ನೇ ಎತ್ತಿಹಿಡಿಯಿತು. ಸ್ವತಃ ಎಳೆಯದ, ನಂತರ ಬರೆದ ವೈದ್ಯರ ಒಂದು ಪದದ ಮೇಲೆ ಅಷ್ಟು ಭಾರ ಹೇರುವಂತಿಲ್ಲ ಎಂದಾಯಿತು. ಮಗುವಿಗೆ ಹತ್ತು ವರ್ಷ ತುಂಬಿತ್ತು. ಕೈಗೆ ಏನೂ ಬರಲಿಲ್ಲ.

ಆ ತೀರ್ಪಿನ ಇನ್ನೊಂದು ಮಾತು ಇವತ್ತಿಗೂ ನಮಗೆಲ್ಲ ಚುಚ್ಚಬೇಕಾದದ್ದು. ಮಗುವಿನ ಕಡೆಯ ತಜ್ಞರ ಜಂಟಿ ವರದಿ ವಕೀಲರ ಕೈಯಲ್ಲಿ ರೂಪ ಪಡೆದಿತ್ತು. ಮೇಲ್ಮನವಿಯಲ್ಲಿ ಲಾರ್ಡ್ ಡೆನ್ನಿಂಗ್ ಅದನ್ನು ಕಟುವಾಗಿ ಟೀಕಿಸಿದರು. ತಜ್ಞನ ಸಾಕ್ಷ್ಯ ವ್ಯಾಜ್ಯದ ಒತ್ತಡಕ್ಕೆ ಬಗ್ಗದೆ ಅವನ ಸ್ವಂತ ಕೆಲಸವಾಗಿರಬೇಕು, ಹಾಗೆ ಕಾಣಲೂಬೇಕು ಎಂಬ ತತ್ವವನ್ನು ಹೌಸ್ ಆಫ್ ಲಾರ್ಡ್ಸಿನಲ್ಲಿ ಲಾರ್ಡ್ ವಿಲ್ಬರ್‌ಫೋರ್ಸ್ ಹಾಕಿಕೊಟ್ಟರು. ನಮ್ಮಲ್ಲಿ ತಜ್ಞರ ಅಫಿಡವಿಟ್ಟು ಎಷ್ಟೋ ಸಲ ವಕೀಲರ ಕಚೇರಿಯ ಕಂಪ್ಯೂಟರಿನಲ್ಲಿ ಹುಟ್ಟಿ, ತಜ್ಞರ ಸಹಿಗೆ ಮಾತ್ರ ಹೊರಗೆ ಹೋಗಿ ಬರುತ್ತದೆ. ಸಭೆಯಲ್ಲಿ ನಗು ಕೇಳಿಸುತ್ತಿದೆ. ನಕ್ಕವರು ವಕೀಲರೇ ಎಂದು ತಿಳಿದುಕೊಳ್ಳುತ್ತೇನೆ.

ಹಾಗೆಂದು ಎಲ್ಲ ಪ್ರಕರಣಕ್ಕೂ ತಜ್ಞರೇ ಬೇಕೆಂದಿಲ್ಲ. ಸಂಗತಿಯೇ ಎದ್ದು ಕಾಣುವಾಗ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ಕಿಶನ್ ರಾವ್ ಪ್ರಕರಣದಲ್ಲಿ ಹೇಳಿತು. ಆದರೆ ಹೆರಿಗೆಯ ಕೋಣೆಯಲ್ಲಿ ಸಂಗತಿ ಅಷ್ಟು ಸುಲಭವಾಗಿ ಎದ್ದು ಕಾಣುವುದಿಲ್ಲ.

3

ಈಗ “ಹುಟ್ಟಿದ ಕೂಡಲೇ ಅಳಲಿಲ್ಲ” ಎಂಬ ಮಾತಿಗೆ ಮರಳೋಣ. ಹೆರಿಗೆಯಲ್ಲಿ ಉಸಿರು ಕಟ್ಟಿದ್ದರಿಂದಲೇ, ಮಿದುಳಿನ ಹಾನಿಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಬರುತ್ತದೆ ಎಂಬ ನಂಬಿಕೆ ಜನಸಾಮಾನ್ಯರದಷ್ಟೇ ಅಲ್ಲ. 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ವಿಲಿಯಂ ಜಾನ್ ಲಿಟಲ್ ಮಂಡಿಸಿದ ಪ್ರಬಂಧದಿಂದ ಅದು ವೈದ್ಯಶಾಸ್ತ್ರದ ಒಳಗೇ ಬೇರುಬಿಟ್ಟಿತು. ಅದನ್ನು ಮೊದಲು ಅಲುಗಿಸಿದವರು ಸಿಗ್ಮಂಡ್ ಫ್ರಾಯ್ಡ್. ಮನೋವಿಶ್ಲೇಷಣೆಯಿಂದ ಹೆಸರಾಗುವ ಮುಂಚೆ ಅವರು ನರರೋಗ ವೈದ್ಯರು. ಕಷ್ಟದ ಹೆರಿಗೆಯೇ ಕಾರಣ ಎನ್ನುವ ಬದಲು, ಗರ್ಭದಲ್ಲೇ ಆಗಿದ್ದ ತೊಂದರೆಯಿಂದ ಹೆರಿಗೆಯೂ ಕಷ್ಟವಾಗಿರಬಹುದಲ್ಲವೇ ಎಂದು 1897ರ ತಮ್ಮ ಗ್ರಂಥದಲ್ಲಿ ಕೇಳಿದರು. ಆಮೇಲಿನ ಸಂಶೋಧನೆ ಹೆಚ್ಚಾಗಿ ಫ್ರಾಯ್ಡರ ಕಡೆಗೇ ವಾಲಿದೆ. ಹೆರಿಗೆಯ ಹೊತ್ತಿನ ಆಮ್ಲಜನಕದ ಕೊರತೆ ಇಂಥ ಮಕ್ಕಳಲ್ಲಿ ಸಣ್ಣ ಪಾಲಿಗೆ ಮಾತ್ರ ಕಾರಣ ಎಂಬುದು ಇಂದಿನ ತಿಳಿವಳಿಕೆ.

ಹಾಗಾದರೆ ಆ ಸಣ್ಣ ಪಾಲನ್ನು ಗುರುತಿಸುವುದು ಹೇಗೆ? ಇಲ್ಲಿ ಪುರಾವೆ ಮೂರು ಕಡೆ ಇರುತ್ತದೆ.

ಮೊದಲನೆಯದು ಅಪ್‌ಗಾರ್ ಅಂಕ. ವರ್ಜೀನಿಯಾ ಅಪ್‌ಗಾರ್ 1953ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಮಗುವಿನ ಬಣ್ಣ, ನಾಡಿ, ಉಸಿರು, ಸ್ನಾಯುಬಿಗಿ, ಪ್ರತಿಕ್ರಿಯೆ ಐದಕ್ಕೂ ಸೇರಿ ಹತ್ತಕ್ಕೆ ಅಂಕ ಹಾಕುತ್ತಾರೆ. ಹುಟ್ಟಿದ ಒಂದನೇ ನಿಮಿಷಕ್ಕೊಮ್ಮೆ, ಐದನೇ ನಿಮಿಷಕ್ಕೊಮ್ಮೆ. ಉಸಿರು ಕಟ್ಟಿತ್ತು ಎನ್ನಲು ಇದೊಂದೇ ಸಾಲದು ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಪ್ರಸೂತಿ ತಜ್ಞರ ಸಂಸ್ಥೆಗಳೇ ಹೇಳಿವೆ. ಎರಡನೆಯದು ಹೊಕ್ಕುಳಬಳ್ಳಿಯ ರಕ್ತದ ಆಮ್ಲೀಯತೆ. ಪಿಎಚ್ 7ಕ್ಕಿಂತ ಕೆಳಗಿದ್ದು, ಬೇಸ್ ಡೆಫಿಸಿಟ್, ಅಂದರೆ ಪ್ರತ್ಯಾಮ್ಲದ ಕೊರತೆ, 12 ಅಥವಾ ಹೆಚ್ಚಿದ್ದರೆ ಹೆರಿಗೆಯ ಹೊತ್ತಿನಲ್ಲೇ ಆಮ್ಲಜನಕ ಕಡಿಮೆಯಾಗಿತ್ತು ಎಂಬುದಕ್ಕೆ ಅದು ಗಟ್ಟಿ ಪುರಾವೆ. ಆದರೆ ಬಳ್ಳಿಯನ್ನು ಕತ್ತರಿಸಿ ಎಸೆದ ಮೇಲೆ ಆ ಪುರಾವೆಯನ್ನು ಭೂಮಿಯ ಮೇಲೆ ಯಾರೂ ಮರಳಿ ತರಲಾರರು.

ಮೂರನೆಯದು ಸಿಟಿಜಿ, ಅಂದರೆ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನೂ ಗರ್ಭಕೋಶದ ಬಿಗಿತವನ್ನೂ ಬರೆದುಕೊಳ್ಳುವ ಯಂತ್ರದ ಕಾಗದ. ವಕೀಲರಿಗೆ ಇದು ಬಲು ಇಷ್ಟ, ಗೀಟು ಕಣ್ಣಿಗೆ ಕಾಣುತ್ತದಲ್ಲ. ಆದರೆ ಕ್ಯಾರಿನ್ ನೆಲ್ಸನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯದ ಗುರುತೆನಿಸಿದ ಗೀಟು ತೋರಿಸಿದ ಮಕ್ಕಳಲ್ಲಿ ಶೇ. 99.8ರಷ್ಟು ಮಂದಿಗೆ ಸೆರೆಬ್ರಲ್ ಪಾಲ್ಸಿ ಬರಲೇ ಇಲ್ಲ. ಇನ್ನೊಂದು ತೊಡಕೂ ಉಂಟು. ಕಾಗದ ನಿಮಿಷಕ್ಕೆ ಒಂದು ಸೆಂಟಿಮೀಟರ್ ಓಡಿದರೆ ಒಂದು ಚಿತ್ರ, ಅಮೆರಿಕದವರಂತೆ ಮೂರು ಸೆಂಟಿಮೀಟರ್ ಓಡಿಸಿದರೆ ಅದೇ ಎದೆಬಡಿತ ಬೇರೆಯೇ ಚಿತ್ರ. ಮೇಲಾಗಿ ಅದು ಥರ್ಮಲ್ ಕಾಗದ, ಬಸ್ಸಿನ ಟಿಕೆಟ್ಟಿನ ಜಾತಿಯದು. ಮೊಕದ್ದಮೆ ವಿಚಾರಣೆಗೆ ಬರುವಷ್ಟರಲ್ಲಿ ಗೀಟು ಮಾಸಿ, ನ್ಯಾಯಾಧೀಶರ ಮುಂದೆ ಬೆಳ್ಳಗಿನ ಸುರುಳಿ ಬಿಚ್ಚಿದ್ದನ್ನು ನಾನೇ ಕಂಡಿದ್ದೇನೆ.

ಕಾಗದ ಉಳಿದರೂ ಅದನ್ನು ಹಾಗೇ ನಂಬುವಂತಿಲ್ಲ ಎಂಬುದಕ್ಕೆ ನಾನು ಜೂನಿಯರ್ ಆಗಿದ್ದಾಗಿನ ಒಂದು ಘಟನೆ ಹೇಳಬೇಕು. ಊರು, ಆಸ್ಪತ್ರೆ ಬೇಡ. ಎದುರುದಾರರು ಹಾಜರುಪಡಿಸಿದ ಕೇಸ್ ಶೀಟನ್ನು ನಮ್ಮ ಸೀನಿಯರು ಓದಲೇ ಇಲ್ಲ. ಹಾಳೆಯನ್ನು ಮಗುಚಿ, ಬೆರಳ ತುದಿಯಿಂದ ಹಿಂಬದಿ ಸವರಿದರು. “ನೋಡಯ್ಯ, ಮೂರು ರಾತ್ರಿ, ಮೂವರು ನರ್ಸಮ್ಮಂದಿರು. ಪೆನ್ನು ಒಂದೇ, ಒತ್ತಿದ್ದೂ ಒಂದೇ ಸಮ. ಒಂದು ಕಾಟು ಹೊಡೆದಿದ್ದಿಲ್ಲ, ಒಂದು ಚಹದ ಕಲೆ ಇಲ್ಲ. ನೈಟ್ ಡ್ಯೂಟಿಯಲ್ಲಿ ಬರೆದ ಹಾಳೆ ಹೀಗಿರುತ್ತದೇನಯ್ಯ?” ಅಂದರು. ಆ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಅದರ ಪಕ್ಕದಲ್ಲೇ ಇನ್ನೊಂದನ್ನೂ ಇಡುತ್ತೇನೆ, ಇಲ್ಲದಿದ್ದರೆ ಮಾತು ಒಂದು ಕಡೆಯದಾಗುತ್ತದೆ. ಬೇರೊಂದು ಪ್ರಕರಣದಲ್ಲಿ ರಾತ್ರಿ ಪಾಳಿಯ ನರ್ಸೊಬ್ಬರು ವಕ್ರ ಅಕ್ಷರದಲ್ಲಿ, ಗಂಟೆ ನಿಮಿಷ ಹಾಕಿ, ಮಗುವಿನ ಎದೆಬಡಿತ ಇಳಿದದ್ದು, ವೈದ್ಯರಿಗೆ ಫೋನು ಮಾಡಿದ್ದು, ಅವರು ಬಂದು ನಿಂತದ್ದು ಎಲ್ಲವನ್ನೂ ನಾಲ್ಕೇ ಸಾಲಿನಲ್ಲಿ ಬರೆದಿದ್ದರು. ಆ ವೈದ್ಯರನ್ನು ಉಳಿಸಿದ್ದು ಆ ನಾಲ್ಕು ಸಾಲು. ಸೋತವನು ನಾನು.

4

ಇನ್ನು ಬೇರೊಂದು ಬಗೆಯ ಹಾನಿ. ನನ್ನ ಮಾತಿನ ನಡುಮನೆ ಇದೇ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಕಣ್ಣಿನ ಅಕ್ಷಿಪಟದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟವನ್ನೇ ಎಳೆದು ಕಿತ್ತರೆ ಮಗು ಕುರುಡಾಗುತ್ತದೆ. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ, ಆಸ್ಪತ್ರೆಯ ಆಡುಮಾತಿನಲ್ಲಿ ಆರ್‌ಒಪಿ ಎನ್ನುತ್ತಾರೆ. 1942ರಲ್ಲಿ ಬಾಸ್ಟನ್ನಿನ ಟೆರಿ ಮೊದಲು ವರ್ಣಿಸಿದರು. ಗಾಜಿನ ಪೆಟ್ಟಿಗೆಯೊಳಗೆ ಧಾರಾಳವಾಗಿ ಬಿಡುವ ಆಮ್ಲಜನಕವೇ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಶಂಕಿಸಿದರು. ಬದುಕಿಸಲು ಕೊಟ್ಟ ಗಾಳಿಯೇ ಕಣ್ಣು ಕಿತ್ತುಕೊಳ್ಳಬಹುದು ಎಂದು ಅಲ್ಲಿಂದ ತಿಳಿಯಿತು.

1978ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎಸೆಕ್ಸಿನಲ್ಲಿ ಸುಮಾರು ಮೂರು ತಿಂಗಳು ಮೊದಲೇ ಒಂದು ಮಗು ಹುಟ್ಟಿತು. ರಕ್ತದಲ್ಲಿನ ಆಮ್ಲಜನಕ ಅಳೆಯಲು ಹೊಕ್ಕುಳಿನ ಅಪಧಮನಿಗೆ ಹಾಕಬೇಕಾದ ನಳಿಕೆಯನ್ನು ಕಿರಿಯ ವೈದ್ಯರು ಅಭಿಧಮನಿಗೆ ಹಾಕಿದರು. ಅಳತೆ ಕಡಿಮೆ ತೋರಿಸಿತು, ಆಮ್ಲಜನಕ ಹೆಚ್ಚಿಸಿದರು. ನಳಿಕೆ ಎಲ್ಲಿದೆ ಎಂದು ಎಕ್ಸ್‌ರೇ ಹೇಳುತ್ತಿತ್ತು. ಹಿರಿಯ ವೈದ್ಯರೂ ಅದನ್ನು ನೋಡಿ ಗುರುತಿಸಲಿಲ್ಲ. ಮಗುವಿನ ಕಣ್ಣು ಹೋಯಿತು.

ತಪ್ಪು ಎಕ್ಸ್‌ರೇಯಲ್ಲೇ ಇದೆ. ಇದಕ್ಕಿಂತ ಸ್ಪಷ್ಟ ಪುರಾವೆ ಯಾವುದು? ಆದರೂ 1988ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮಗುವಿನ ಪರವಾಗಿದ್ದ ತೀರ್ಪನ್ನು ಬದಿಗಿಟ್ಟು ಮರುವಿಚಾರಣೆಗೆ ಕಳಿಸಿತು. ಇಂಥ ಮಗುವಿನ ಕಣ್ಣು ಹಾಳಾಗಲು ಹೆಚ್ಚಿನ ಆಮ್ಲಜನಕ ಒಂದು ಕಾರಣ. ಉಸಿರು ಆಗಾಗ ನಿಲ್ಲುವುದು, ಮಿದುಳಿನ ರಕ್ತಸ್ರಾವ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದು, ಹೃದಯದ ಬಳಿಯ ನಾಳ ಮುಚ್ಚದಿರುವುದು ಇನ್ನು ನಾಲ್ಕು. ಐದೂ ಆ ಮಗುವಿನಲ್ಲಿದ್ದವು. ಐದರಲ್ಲಿ ಇದೇ ಎಂದು ತೋರಿಸುವ ಹೊಣೆ ಮಗುವಿನ ಕಡೆಯವರದು ಎಂದಿತು ನ್ಯಾಯಾಲಯ. ತಪ್ಪನ್ನು ರುಜುವಾತು ಮಾಡುವುದು ಒಂದು ಮೆಟ್ಟಿಲು. ಆ ತಪ್ಪಿನಿಂದಲೇ ಈ ಹಾನಿ ಎಂಬುದು ಇನ್ನೊಂದು ಮೆಟ್ಟಿಲು. ಬಹುತೇಕ ಮೊಕದ್ದಮೆಗಳು ಎಡವುವುದು ಎರಡನೆಯದರಲ್ಲಿ.

ಈಗ ಚೆನ್ನೈಗೆ ಬನ್ನಿ. 1996ರ ಆಗಸ್ಟ್ 30ರಂದು ಎಗ್ಮೋರಿನ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೇ ಹೆಣ್ಣುಮಗುವೊಂದು ಹುಟ್ಟಿತು. ತೂಕ 1,250 ಗ್ರಾಂ. ಅದಕ್ಕೂ ಆಮ್ಲಜನಕ ಕೊಟ್ಟರು, ಮಗು ಉಳಿಯಿತು, ಮನೆಗೆ ಕಳಿಸಿದರು. ಕೆಲವು ತಿಂಗಳ ನಂತರ ಮುಂಬೈಯಲ್ಲಿ ಮಕ್ಕಳ ವೈದ್ಯರೊಬ್ಬರಿಗೆ ಅನುಮಾನ ಬರುವಷ್ಟರಲ್ಲಿ ಎರಡೂ ಕಣ್ಣು ಕೈಮೀರಿದ್ದವು. ಈ ಮೊಕದ್ದಮೆ ಆಮ್ಲಜನಕ ಹೆಚ್ಚಾಯಿತೇ ಎಂಬ ಪ್ರಶ್ನೆಯ ಮೇಲೇ ನಿಂತಿದ್ದರೆ ಎಸೆಕ್ಸಿನ ಮಗುವಿನ ದಾರಿಯನ್ನೇ ಹಿಡಿಯುತ್ತಿತ್ತು. ಬಗೆಹರಿದದ್ದು ಬೇರೆ ಪ್ರಶ್ನೆಯ ಮೇಲೆ: ರೋಗ ಏಕೆ ಬಂತು ಎಂಬುದನ್ನು ಬಿಡಿ, ಬರಬಹುದೆಂದು ಗೊತ್ತಿದ್ದೂ ಕಣ್ಣನ್ನು ಏಕೆ ನೋಡಲಿಲ್ಲ?

ಈ ಪ್ರಶ್ನೆಗೆ ಐದು ಕಾರಣಗಳ ಗೋಜಲಿಲ್ಲ. ಇಂಥ ಮಗುವಿಗೆ ಹುಟ್ಟಿದ ಕೆಲವೇ ವಾರಗಳಲ್ಲಿ ಕಣ್ಣಿನ ತಪಾಸಣೆ ಆಗಲೇಬೇಕು, ಹಿಂದಿನಿಂದಲೂ ಕ್ರಮ ಹೆಚ್ಚುಕಡಿಮೆ ಇದೇ ಎಂದು ದೆಹಲಿಯ ಏಮ್ಸ್ ತಜ್ಞರ ವರದಿ ಹೇಳಿತು. ಹಾಗಾದರೆ ತಪಾಸಣೆ ಎಲ್ಲಿ? ಡಿಸ್ಚಾರ್ಜ್ ಸಮ್ಮರಿಯಲ್ಲಿ ತಂದೆತಾಯಿಗೆ ಎಚ್ಚರಿಕೆಯ ಮಾತಿರಲಿಲ್ಲ. ವೈದ್ಯರು ಆ ಅಪಾಯವನ್ನು ಗಮನಿಸಿದ್ದರು ಎಂಬ ಸುಳಿವೂ ಇರಲಿಲ್ಲ. ಬರೆಯದೆ ಉಳಿದ ಆ ಸಾಲೇ ಸಾಕ್ಷಿಯಾಯಿತು. ರಾಷ್ಟ್ರೀಯ ಗ್ರಾಹಕರ ಆಯೋಗ 5 ಲಕ್ಷ ರೂಪಾಯಿ ಕೊಡಿಸಿದ್ದ ಪ್ರಕರಣದಲ್ಲಿ 2015ರ ಜುಲೈ 1ರಂದು ಸುಪ್ರೀಂ ಕೋರ್ಟ್ ಮುಂದಿನ ಚಿಕಿತ್ಸೆಗೆಂದೇ 1.38 ಕೋಟಿ ನಿಗದಿ ಮಾಡಿತು, ಆಗಲೇ ಮಾಡಿದ ಖರ್ಚನ್ನು ಪ್ರತ್ಯೇಕವಾಗಿ ಕೊಡಿಸಿತು. ಹುಟ್ಟಿದ್ದು 1996ರಲ್ಲಿ, ತೀರ್ಪು ಬಂದದ್ದು 2015ರಲ್ಲಿ. ಮಗು ಅಷ್ಟರಲ್ಲಿ ಹದಿನೆಂಟು ದಾಟಿತ್ತು.

ದೆಹಲಿಯ ಮಹಾರಾಜ ಅಗ್ರಸೇನ್ ಆಸ್ಪತ್ರೆ ಪ್ರಕರಣದಲ್ಲಿಯೂ ಇದೇ ಪ್ರಶ್ನೆ. ಅಲ್ಲಿ ಕಣ್ಣು ಪರೀಕ್ಷಿಸಿದ್ದೇವೆ ಎಂಬುದೇ ಆಸ್ಪತ್ರೆಯ ವಾದ. ನ್ಯಾಯಾಲಯ ಅದನ್ನು ನಂಬಲಿಲ್ಲ. 2019ರ ಡಿಸೆಂಬರಿನಲ್ಲಿ ಪರಿಹಾರ 76 ಲಕ್ಷಕ್ಕೆ ನಿಂತಿತು.

5

ಹಾಗಾದರೆ ಕಣ್ಣಿನ ತಪಾಸಣೆ ಮಾಡಿದ್ದೇವೆ ಎನ್ನುವವರು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸುವುದು ಹೇಗೆ? ಇದಕ್ಕೆ ಒಂದು ಉತ್ತರ ನಮ್ಮ ಕರ್ನಾಟಕದಿಂದಲೇ ಬಂದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ಸಣ್ಣ ಊರುಗಳ ಆಸ್ಪತ್ರೆಗಳಿಗೆ ಕ್ಯಾಮೆರಾ ಹೊತ್ತ ವಾಹನ ಹೋಗುತ್ತದೆ. ತರಬೇತಾದ ತಂತ್ರಜ್ಞರು ಅಕ್ಷಿಪಟದ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿ, ದೂರದ ತಜ್ಞರಿಗೆ ಕಳಿಸುತ್ತಾರೆ. ಉದ್ದೇಶ ಕಣ್ಣು ಉಳಿಸುವುದು, ಮೊಕದ್ದಮೆ ಗೆಲ್ಲುವುದಲ್ಲ. ಆದರೆ ವಕೀಲನ ಕಣ್ಣಿಗೆ ಅದರಲ್ಲಿ ಇನ್ನೊಂದು ಲಾಭ ಕಾಣುತ್ತದೆ. ‘ಕಣ್ಣು ನೋಡಿದೆ, ಸರಿಯಿದೆ’ ಎಂಬ ಸಾಲನ್ನು ಆಮೇಲೆ ತುರುಕಬಹುದು. ದಿನಾಂಕ ಹೊತ್ತ ಚಿತ್ರವನ್ನು ಹಾಗೆ ಸುಲಭವಾಗಿ ತುರುಕಲಾಗದು. ನಾಳೆ ಅದೇ ಚಿತ್ರವನ್ನು ಮೂರನೆಯ ತಜ್ಞರು ತಾವಾಗಿಯೇ ನೋಡಿ ಹೇಳಬಹುದು. ಮಾತು ಬಾರದ ಕೂಸು ತನ್ನ ಕಣ್ಣಿನಿಂದಲೇ ಸಾಕ್ಷಿ ಹೇಳಿದಂತೆ.

ಕೊನೆಯದಾಗಿ ಒಂದು ಲೆಕ್ಕ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ. ಆದರೆ ಕಾಲಮಿತಿ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರಿಗೆ ಅವಧಿ ಶುರುವಾಗುವುದೇ ಹದಿನೆಂಟು ತುಂಬಿದ ಮೇಲೆ. ಅಂದರೆ ಹುಟ್ಟುವಾಗ ಹಾನಿಗೊಂಡ ಮಗು, ಹದಿನೆಂಟರ ಮೇಲಿನ ಮೂರು ವರ್ಷವೂ ಸೇರಿ, 21ರವರೆಗೂ ಸಿವಿಲ್ ನ್ಯಾಯಾಲಯಕ್ಕೆ ಬರಬಹುದು. ಹಕ್ಕಿನ ಆಯಸ್ಸು 21 ವರ್ಷ, ಆ ಹಕ್ಕನ್ನು ಸಾಬೀತುಪಡಿಸುವ ಕಾಗದದ ಆಯಸ್ಸು 3 ವರ್ಷ. ಮಗು ಕೂರುವುದು ತಡವಾಯಿತು, ನಡೆಯುವುದು ತಡವಾಯಿತು ಎಂದು ಮನೆಯವರಿಗೆ ಖಾತ್ರಿಯಾಗುವ ಹೊತ್ತಿಗೆ ಕೇಸ್ ಶೀಟು ರದ್ದಿಗೆ ಹೋಗುವ ವೇಳೆ ಹತ್ತಿರವಾಗಿರುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೆರಿಗೆಯ ದಾಖಲೆಯನ್ನು 25 ವರ್ಷ ಇಡುತ್ತಾರೆ. ಈ ವ್ಯತ್ಯಾಸಕ್ಕೆ ವಿಜ್ಞಾನದ ಕಾರಣವಿಲ್ಲ, ಹಣದ ಕಾರಣವೂ ದೊಡ್ಡದಲ್ಲ. ಕಾಗದ ಸ್ಕ್ಯಾನ್ ಮಾಡಿ ಇಡುವ ಕಾಲವಿದು.

ಆದ್ದರಿಂದ ಈ ವೇದಿಕೆಯಿಂದ ಮೂರು ಮನವಿ. ಹೆರಿಗೆ ಮತ್ತು ನವಜಾತ ಶಿಶುವಿನ ದಾಖಲೆಯನ್ನು, ಸಿಟಿಜಿಯ ಸುರುಳಿಯನ್ನೂ ಸೇರಿಸಿ, ಮಗುವಿಗೆ 21 ತುಂಬುವವರೆಗೆ ಕಾಪಾಡಬೇಕೆಂಬ ನಿಯಮವನ್ನು ಸರ್ಕಾರ ತರಲಿ. ವೈದ್ಯರೂ ನರ್ಸುಗಳೂ ಗಂಟೆ ನಿಮಿಷ ಹಾಕಿ ಆಗಿಂದಾಗಲೇ ಬರೆಯಲಿ. ತಪ್ಪಾದರೆ ಒಂದು ಗೀಟು ಎಳೆದು ಸಹಿ ಮಾಡಲಿ, ಹೊಸ ಹಾಳೆ ಬೇಡ. ನಿಮ್ಮನ್ನು ಉಳಿಸುವುದೂ ಅದೇ ಕಾಟು ಹೊಡೆದ ಹಾಳೆ. ತಂದೆತಾಯಿಗೆ ಹೇಳುವುದಿಷ್ಟೆ: ಮಗುವನ್ನು ಮನೆಗೆ ಕರೆತರುವ ದಿನವೇ ಕೇಸ್ ಶೀಟಿನ ನಕಲು ಬೇಕೆಂದು ಬರೆದು ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಮೊಕದ್ದಮೆ ಹೂಡುವುದಕ್ಕಲ್ಲ. ಮುಂದೆ ಆ ಮಗುವನ್ನು ನೋಡುವ ಯಾವುದೇ ವೈದ್ಯರಿಗೂ ಅದು ಬೇಕು. ನಕಲನ್ನು ಆ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿ.